ಮಕ್ಕಳಲ್ಲಿ ಮರುಕಳಿಸುವ ರಕ್ತ ಕ್ಯಾನ್ಸರ್: ಔಷಧ ಮತ್ತು ಶುಶ್ರೂಷೆ

ಮಕ್ಕಳನ್ನು ಬಾಧಿಸುವ ಕ್ಯಾನ್ಸರ್‌ಗಳಲ್ಲಿ ಅತಿ ಸಾಮಾನ್ಯವಾದುದು ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಬಹುತೇಕ ಮಕ್ಕಳು ಮೊದಲ ಚಿಕಿತ್ಸೆಗೆ ಸ್ಪಂದಿಸುತ್ತಾರಾದರೂ ಕೆಲವರಲ್ಲಿ ರೋಗ ಅಸ್ಥಿಮಜ್ಜೆ, ಮಿದುಳಿನ ಪೊರೆ ಅಥವಾ ವೃಷಣಗಳಲ್ಲಿ ಮರುಕಳಿಸುತ್ತದೆ. ಚಿಕಿತ್ಸೆ ಮುಗಿದು ಆರು ತಿಂಗಳ ನಂತರ ಮರಳಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ರೋಗ ಪತ್ತೆಯಾದ 18 ತಿಂಗಳೊಳಗೇ ಮರಳಿದರೆ ಹಾದಿ ಕಠಿಣ. ಆಗ ಅಸ್ಥಿಮಜ್ಜೆ ಕಸಿಯ ಪ್ರಶ್ನೆ ಏಳುತ್ತದೆ.

ಇಂಥ ಚಿಕಿತ್ಸೆಗೆ ಶಿಕಾರಿಪುರ, ಸೊರಬ ತಾಲ್ಲೂಕುಗಳ ಕುಟುಂಬಗಳು ಸಾಮಾನ್ಯವಾಗಿ ಮಣಿಪಾಲಕ್ಕೆ ಇಲ್ಲವೇ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಕೇಂದ್ರಗಳಿಗೆ ತೆರಳಬೇಕಾಗುತ್ತದೆ. ಅಲ್ಲಿ ಡೆಕ್ಸಾಮೆಥಾಸೋನ್, ವಿನ್‌ಕ್ರಿಸ್ಟಿನ್, ಆಸ್ಪರಾಜಿನೇಸ್, ಮೈಟೋಕ್ಸಾಂಟ್ರೋನ್ ಮುಂತಾದ ಔಷಧಗಳನ್ನು ಜೊತೆಗೂಡಿಸಿ ನೀಡಲಾಗುತ್ತದೆ. ಬ್ಲಿನಾಟುಮೊಮ್ಯಾಬ್ ಎಂಬ ಪ್ರತಿಕಾಯ ಔಷಧವನ್ನು 28 ದಿನ ಎಡೆಬಿಡದೆ ರಕ್ತನಾಳಕ್ಕೆ ಹರಿಸಬೇಕು. ಮೊದಲ ಬಾರಿಗೆ ಮರುಕಳಿಸಿದ ಮಕ್ಕಳಲ್ಲಿ ಇದರ ಪ್ರಯೋಜನವನ್ನು 2021ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ತೋರಿಸಿದವು. ಬೆಲೆ ಮಾತ್ರ ಸಾಮಾನ್ಯ ಕುಟುಂಬದ ಕೈಗೆಟುಕುವಂಥದ್ದಲ್ಲ.

ವಿನ್‌ಕ್ರಿಸ್ಟಿನ್ ಮೂಲತಃ ಅಂಗಳದಲ್ಲಿ ಬೆಳೆಯುವ ನಿತ್ಯಪುಷ್ಪದಿಂದ ಪಡೆದದ್ದು. ಹಾಗೆಂದು ಆ ಗಿಡದ ಕಷಾಯ ಔಷಧವಾಗದು, ಅಪಾಯವೇ ಆದೀತು. ಈ ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಅಂಗಾಂಶ ಸುಡುತ್ತದೆ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಪ್ರಾಣಾಂತಕ. ಆದ್ದರಿಂದಲೇ ದಾದಿಯರು ಪ್ರತಿ ಸಲವೂ ಹೆಸರು, ಪ್ರಮಾಣ, ಮಾರ್ಗ ಮೂರನ್ನೂ ಇಬ್ಬರಾಗಿ ಪರಿಶೀಲಿಸುತ್ತಾರೆ.

ಆದರೆ ಔಷಧದ ಸುತ್ತುಗಳ ನಡುವೆ ಮಗು ಮನೆಯಲ್ಲಿರುತ್ತದೆ. ಬಿಳಿ ರಕ್ತಕಣಗಳು ಕುಸಿದಿರುವ ಈ ಅವಧಿಯಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರವೂ ತುರ್ತು ಸ್ಥಿತಿಯೇ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಪ್ರತಿಜೈವಿಕ ಚುಚ್ಚುಮದ್ದು ಆರಂಭವಾಗಬೇಕು. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲೆಂದು ಕಾಯುವುದು ಸೋಂಕನ್ನು ಮರೆಮಾಚುತ್ತದೆ. ಆಸ್ಪಿರಿನ್, ಐಬುಪ್ರೊಫೇನ್ ರಕ್ತಸ್ರಾವಕ್ಕೆ ಎಡೆಮಾಡುತ್ತವೆ.

ಈ ಸೀಮೆಯಲ್ಲಿ ಇನ್ನೊಂದು ತೊಡಕಿದೆ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ಅರಣ್ಯ ಇರುವುದು ಸೊರಬ ತಾಲ್ಲೂಕಿನಲ್ಲೇ. ಅದರಲ್ಲೂ ಜ್ವರ ಬರುತ್ತದೆ, ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಇಳಿಯುತ್ತವೆ. ರಕ್ತಕಣಗಳ ಎಣಿಕೆಯಿಂದಷ್ಟೇ ಎರಡನ್ನೂ ಬೇರ್ಪಡಿಸಲಾಗದು, ಆರ್‌ಟಿ-ಪಿಸಿಆರ್ ಪರೀಕ್ಷೆ ಬೇಕು. ಆ ವರದಿಗಾಗಿ ಪ್ರತಿಜೈವಿಕವನ್ನು ತಡೆಹಿಡಿಯುವಂತಿಲ್ಲ. ಮೊದಲ ಡೋಸ್ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಕ್ಕರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯವರೆಗಿನ ದಾರಿಯಲ್ಲಿ ಅಮೂಲ್ಯ ಸಮಯ ಉಳಿಯುತ್ತದೆ. ಇದಕ್ಕೆ ಕ್ಯಾನ್ಸರ್ ಕೇಂದ್ರದ ಬಿಡುಗಡೆ ಪತ್ರ, ಕೊನೆಯ ಔಷಧ ನೀಡಿದ ದಿನಾಂಕ ಮತ್ತು ಅಲ್ಲಿನ ವೈದ್ಯರ ದೂರವಾಣಿ ಸಂಖ್ಯೆ ಪೋಷಕರ ಕೈಯಲ್ಲಿರಬೇಕು.