ತಮ್ಮ ವಿರುದ್ಧ ತಾವೇ ನುಡಿದ ಸಾಕ್ಷಿ

ಸೈನಿಕನ ಬಳಿ ಕ್ಯಾಮರಾ ಇರುವುದು ಹೊಸತೇನಲ್ಲ. ಗೆಳೆಯರ ಹೆಗಲ ಮೇಲೆ ಕೈಹಾಕಿ ನಕ್ಕ ಚಿತ್ರ, ಬಂದೂಕು ಹಿಡಿದು ನಿಂತ ಚಿತ್ರ ಎಲ್ಲವೂ ಊರಿಗೆ ಮರಳಿದ ಮೇಲೆ ಆಲ್ಬಮ್ ಸೇರಿ ಮರೆತುಹೋಗುತ್ತವೆ. ಆದರೆ 2004ರ ಜೂನ್ ತಿಂಗಳಲ್ಲಿ ಇಸ್ರೇಲಿನ ಟೆಲ್ ಅವೀವ್ ನಗರದಲ್ಲಿ ಅಂಥ ಚಿತ್ರಗಳು ಆಲ್ಬಮ್ಮಿನಿಂದ ಎದ್ದುಬಂದು ಗೋಡೆಯ ಮೇಲೆ ನಿಂತವು. ಅವನ್ನು ತೂಗುಹಾಕಿದವರು ಹೆಬ್ರಾನಿನಲ್ಲಿ ಸೇವೆ ಸಲ್ಲಿಸಿದ್ದ ಇಸ್ರೇಲಿ ಯುವಕರು. ಹೆಬ್ರಾನನ್ನು ಟೆಲ್ ಅವೀವಿಗೆ ತರುತ್ತಿದ್ದೇವೆ ಎಂಬುದೇ ಪ್ರದರ್ಶನದ ಹೆಸರಾಗಿತ್ತು.

ಹೆಬ್ರಾನ್ ಎಂದರೆ ಅರಬರ ಅಲ್-ಖಲೀಲ್. 'ಖಲೀಲುಲ್ಲಾಹ್', ಅಂದರೆ ಅಲ್ಲಾಹನ ಗೆಳೆಯ ಎನಿಸಿಕೊಂಡ ಪ್ರವಾದಿ ಇಬ್ರಾಹೀಮರ(ಅ) ಸಮಾಧಿ ಅಲ್ಲಿದೆಯೆಂದು ಮುಸ್ಲಿಮರೂ ನಂಬುತ್ತಾರೆ, ಯಹೂದಿಗಳೂ ನಂಬುತ್ತಾರೆ. ಆ ಗೆಳೆಯನ ಊರು ಕಂಡ ರಕ್ತ ಕಡಿಮೆಯಲ್ಲ. 1929ರ ಗಲಭೆಯಲ್ಲಿ ಅಲ್ಲಿ ಅರವತ್ತಕ್ಕೂ ಹೆಚ್ಚು ಯಹೂದಿಗಳ ಕೊಲೆಯಾಯಿತು. 1994ರ ಫೆಬ್ರವರಿ 25ರಂದು, ರಮಝಾನ್ ತಿಂಗಳ ಶುಕ್ರವಾರ, ಇಬ್ರಾಹೀಮಿ ಮಸೀದಿಯಲ್ಲಿ ಫಜ್ರ್ ನಮಾಝಿನಲ್ಲಿದ್ದವರ ಮೇಲೆ ಬಾರೂಕ್ ಗೋಲ್ಡ್‌ಸ್ಟೀನ್ ಎಂಬ ಯಹೂದಿ ವಸಾಹತುಗಾರ ಗುಂಡು ಹಾರಿಸಿ 29 ಮಂದಿಯನ್ನು ಕೊಂದ. ಕೊಂದವನು ಅವನು, ನಿರ್ಬಂಧ ಬಿದ್ದದ್ದು ಸತ್ತವರ ಊರಿನ ಮೇಲೆ. ಮುಖ್ಯ ಪೇಟೆಯಾಗಿದ್ದ ಶುಹದಾ ಬೀದಿ ಕ್ರಮೇಣ ಫೆಲೆಸ್ತೀನಿಯರಿಗೆ ಮುಚ್ಚಿತು. 1997ರ ಒಪ್ಪಂದ ಊರನ್ನೇ ಎರಡು ಮಾಡಿತು. ಇಸ್ರೇಲಿ ಸೇನೆಯ ಹಿಡಿತದಲ್ಲಿ ಉಳಿದ ಭಾಗದಲ್ಲಿ ಕೆಲವೇ ನೂರು ವಸಾಹತುಗಾರರ ರಕ್ಷಣೆಗಾಗಿ ಸಾವಿರಾರು ಫೆಲೆಸ್ತೀನಿಯರು ಕರ್ಫ್ಯೂ, ತಪಾಸಣೆಗಳಡಿ ಬದುಕಬೇಕಾಯಿತು.

ಆ ಕರ್ಫ್ಯೂ ಜಾರಿಗೊಳಿಸಿದ ಹುಡುಗರಲ್ಲಿ ಯೆಹೂದಾ ಶೌಲ್ ಕೂಡ ಒಬ್ಬ. ಜೆರುಸಲೇಮಿನ ಸಂಪ್ರದಾಯಸ್ಥ ಯಹೂದಿ ಮನೆತನದವನು. ಅವನೂ ಗೆಳೆಯರೂ 2004ರಲ್ಲಿ 'ಮೌನ ಮುರಿಯೋಣ' ಎಂಬರ್ಥದ ಹೆಸರಿನ ಸಂಘಟನೆ ಕಟ್ಟಿದರು. ಅದರ ಮೊದಲ ಕೆಲಸವೇ ಈ ಪ್ರದರ್ಶನ.

ಅಲ್ಲಿ ಏನಿತ್ತು? ಕಣ್ಣಿಗೆ ಬಟ್ಟೆ ಕಟ್ಟಿದ ಬಂಧಿಗಳ ಚಿತ್ರಗಳಿದ್ದವು. ಬಂದೂಕಿನ ಗುರಿಗಾಜಿನೊಳಗಿಂದ ಕಂಡ ಮನುಷ್ಯರ ಚಿತ್ರಗಳಿದ್ದವು. ಅರಬರನ್ನು ಗ್ಯಾಸ್ ಚೇಂಬರಿಗೆ ಕಳಿಸಬೇಕೆಂಬ ಗೋಡೆಬರಹದ ಚಿತ್ರವಿತ್ತು. ಯಾರ ಹಿರಿಯರು ಅದೇ ಚೇಂಬರುಗಳಲ್ಲಿ ಉಸಿರುಗಟ್ಟಿ ಸತ್ತರೋ, ಅವರ ಕಣ್ಣೆದುರಿಗೇ ಅದನ್ನು ಇಡಲಾಗಿತ್ತು. ಜೊತೆಗೆ ಕಾರಿನ ಕೀಲಿಕೈಗಳ ಸಾಲು: ಕರ್ಫ್ಯೂ ಮುರಿದರೆಂದು ಫೆಲೆಸ್ತೀನಿ ಚಾಲಕರಿಂದ ಸೈನಿಕರು ಕಿತ್ತುಕೊಂಡು ಹಿಂದಿರುಗಿಸದೆ ಇಟ್ಟುಕೊಂಡವು. ಹೆಣವಿಲ್ಲ, ನೆತ್ತರಿಲ್ಲ, ಬರೀ ಕೀಲಿಕೈ. ಒಂದೊಂದರ ಹಿಂದೆಯೂ ಒಬ್ಬ ಯಜಮಾನ ಮಕ್ಕಳೆದುರು ತಲೆತಗ್ಗಿಸಿದ ದಿನವಿತ್ತು.

ಈ ಚಿತ್ರಗಳನ್ನು ಪತ್ರಕರ್ತರು ತೆಗೆದಿದ್ದರೆ ಅದು ಬೇರೆಯವರ ಮೇಲಿನ ಆರೋಪವಾಗುತ್ತಿತ್ತು. ಇಲ್ಲಿ ಕ್ಯಾಮರಾ ಹಿಡಿದವನೂ ಅಪರಾಧದ ಪಾಲುದಾರನೂ ಒಬ್ಬನೇ. ಅಂದು ನೆನಪಿಗೆಂದು ತೆಗೆದ ಚಿತ್ರ ಇಂದು ತಪ್ಪೊಪ್ಪಿಗೆಯಾಯಿತು. ಚಿತ್ರ ಬದಲಾಗಿರಲಿಲ್ಲ, ತೆಗೆದವನು ಬದಲಾಗಿದ್ದ. ಸೇನೆಗೆ ಇದು ಸಹ್ಯವಾಗಲಿಲ್ಲ. ಮಿಲಿಟರಿ ಪೊಲೀಸರು ಬಂದು ಸೈನಿಕರ ಸಾಕ್ಷ್ಯಗಳಿದ್ದ ವಿಡಿಯೋ ಟೇಪ್ ವಶಪಡಿಸಿಕೊಂಡರು, ಸಂಘಟಕರನ್ನು ವಿಚಾರಣೆಗೆ ಕರೆದರು. 2018ರಲ್ಲಿ ಇಂಥ ಸಂಘಟನೆಗಳು ಶಾಲೆಗಳಿಗೆ ಕಾಲಿಡದಂತೆ ತಡೆಯುವ ಅಧಿಕಾರವನ್ನು ಇಸ್ರೇಲಿ ಸಂಸತ್ತು ಶಿಕ್ಷಣ ಸಚಿವರಿಗೆ ಕೊಟ್ಟಿತು. ಅಷ್ಟರೊಳಗೆ ಸಾವಿರಕ್ಕೂ ಹೆಚ್ಚು ಸೈನಿಕರು ಬಾಯಿಬಿಟ್ಟಿದ್ದರು.

ಒಂದು ಪ್ರಶ್ನೆ ಮಾತ್ರ ಚುಚ್ಚುತ್ತದೆ. ಹೆಬ್ರಾನಿನ ಜನ ಇದನ್ನೇ ವರ್ಷಗಟ್ಟಲೆ ಹೇಳುತ್ತಿದ್ದರಲ್ಲ? ಪೆಟ್ಟು ತಿಂದವನ ಮಾತನ್ನು ನಂಬದ ಜಗತ್ತು ಹೊಡೆದವನೇ ಒಪ್ಪಿಕೊಂಡಾಗ ಕಿವಿಗೊಟ್ಟಿತು. ಇದು ಆ ಹುಡುಗರ ತಪ್ಪಲ್ಲ, ಕೇಳುವವರ ತಪ್ಪು. ಹಾಗೆಂದು ಅವರನ್ನು ಸಂತರೆನ್ನಬೇಕಾಗಿಯೂ ಇಲ್ಲ. ಅವರೂ ಹಾಗೆ ಹೇಳಿಕೊಂಡಿಲ್ಲ.

ಸ್ವಂತಕ್ಕೆ, ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ಸರಿ, ನ್ಯಾಯದ ಪರ ಸಾಕ್ಷಿ ನಿಲ್ಲಿರೆಂದು ಕುರ್‌ಆನಿನ ಅನ್ನಿಸಾ ಅಧ್ಯಾಯ ವಿಶ್ವಾಸಿಗಳಿಗೆ ಆಜ್ಞಾಪಿಸುತ್ತದೆ. ನಾವು ಅದನ್ನು ಓದುತ್ತೇವೆ, ಸಭೆಗಳಲ್ಲಿ ಹೇಳುತ್ತೇವೆ. ಶತ್ರುವಿನ ತಪ್ಪಿಗೆ ಗವಾಹಿ ಹೇಳಲು ನಮ್ಮಲ್ಲಿ ಯಾವತ್ತೂ ಜನರ ಕೊರತೆಯಾಗಿಲ್ಲ. ನಮ್ಮವರ ತಪ್ಪಿನ ಚಿತ್ರಗಳು ಮಾತ್ರ ಇನ್ನೂ ನಮ್ಮ ನಮ್ಮ ಆಲ್ಬಮ್ಮುಗಳಲ್ಲೇ ಭದ್ರವಾಗಿವೆ.