ಮೂತಿಯ ಏಣು ಮತ್ತು ದವಡೆಯ ಕೀಲು: ಗೋದಾವರಿ ಕಣಿವೆಯ ಥೆರಾಪ್ಸಿಡ್‌ಗಳ ಬಂಧುತ್ವ ನಿರ್ಣಯ

ಮಧುಗಿರಿ, ಕೊರಟಗೆರೆ, ಪಾವಗಡದ ಬೆಟ್ಟಸಾಲುಗಳಲ್ಲಿ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಶಿರಾ ಸುತ್ತಿನ ನೈಸ್ ಶಿಲೆ ಇನ್ನೂ ಹಳೆಯದು. ಸಸ್ತನಿಗಳ ಪೂರ್ವಿಕರನ್ನು ಒಳಗೊಂಡ ಥೆರಾಪ್ಸಿಡ್‌ಗಳು ಕಾಣಿಸಿಕೊಂಡದ್ದು ಸುಮಾರು 27 ಕೋಟಿ ವರ್ಷಗಳ ಹಿಂದೆಯಷ್ಟೇ. ಮೂಳೆ ಉಳಿಯಲು ಹೊಳೆ ತಂದು ಹರಡಿದ ಕೆಸರು ಬೇಕು. ನೆಲದಾಳದಲ್ಲಿ ಹೆಪ್ಪುಗಟ್ಟಿದ ಕಲ್ಲಲ್ಲ. ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿ ಇವುಗಳನ್ನು ಅರಸಿ ಹೋಗಬೇಕಾದದ್ದು ತೆಲಂಗಾಣದ ಪ್ರಾಣಹಿತಾ–ಗೋದಾವರಿ ಕಣಿವೆಗೆ. ಅಲ್ಲಿನ ಕುಂದಾರಂ ಸ್ತರ ಪರ್ಮಿಯನ್ ಯುಗದ ಕೊನೆಯದು. ಯೆರ್ರಪಲ್ಲಿ ಮತ್ತು ಮಾಲೇರಿ ಸ್ತರಗಳು ಟ್ರಯಾಸಿಕ್ ಯುಗದವು. ಈ ಸ್ತರಗಳ ಅಧ್ಯಯನವನ್ನು ಕಟ್ಟಿ ಬೆಳೆಸಿದ್ದು ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ.

ಹಳೆಯ ಗ್ರಂಥಗಳು ಸಸ್ತನಿಸದೃಶ ಸರೀಸೃಪ ಎಂದು ಕರೆದ ಈ ಪ್ರಾಣಿಗಳು ಸರೀಸೃಪಗಳ ಕವಲಿಗೆ ಸೇರಿದವಲ್ಲ. ಕಣ್ಣುಗೂಡಿನ ಹಿಂದೆ ಒಂದೇ ಕಿಂಡಿಯಿರುವ ಸಿನಾಪ್ಸಿಡ್ ಎಂಬ ಬೇರೆಯೇ ಕವಲು ಅವುಗಳದು. ಆದರೆ ಆ ಕಿಂಡಿ ಕವಲಿನ ಎಲ್ಲರಿಗೂ ಬಂದ ಪಿತ್ರಾರ್ಜಿತ. ಒಳಗಿನವರಲ್ಲಿ ಯಾರು ಯಾರಿಗೆ ಹತ್ತಿರ ಎಂಬುದನ್ನು ಅದು ಹೇಳಲಾರದು. ಜರ್ಮನಿಯ ವಿಲ್ಲಿ ಹೆನ್ನಿಗ್ 1950ರಲ್ಲಿ ಮಂಡಿಸಿದ ತತ್ತ್ವದ ತಿರುಳು ಇದೇ: ಬಂಧುತ್ವಕ್ಕೆ ಸಾಕ್ಷಿ ಹೋಲಿಕೆಯಲ್ಲ, ಹೊಸದಾಗಿ ಹುಟ್ಟಿ ಹಂಚಿಕೆಯಾದ ಲಕ್ಷಣ.

ಈ ವ್ಯತ್ಯಾಸ ಮರೆತರೆ ಏನಾಗುತ್ತದೆಂಬುದಕ್ಕೆ ರೆಕ್ನಿಸಾರಸ್ ಒಳ್ಳೆಯ ನಿದರ್ಶನ. 1970ರಲ್ಲಿ ರಾಯ್ ಚೌಧುರಿ ಅವರು ಯೆರ್ರಪಲ್ಲಿ ಸ್ತರದಿಂದ ಡೈಸಿನೊಡಾಂಟ್ ಎಂಬ ಥೆರಾಪ್ಸಿಡ್ ಗುಂಪಿನ ಎರಡು ಪ್ರಾಣಿಗಳನ್ನು ವರ್ಣಿಸಿದರು: ವಾಡಿಯಾಸಾರಸ್ ಇಂಡಿಕಸ್ ಮತ್ತು ರೆಕ್ನಿಸಾರಸ್ ಕ್ರಿಸ್ಟಾರಿಂಕಸ್. ಎರಡನೆಯದರ ಮೂತಿಯ ನಡುವೆ ಎದ್ದು ಕಾಣುವ ಏಣಿದೆ. ಅದೇ ವರ್ಷ ಝಾಂಬಿಯಾದ ಒಂದು ತಲೆಬುರುಡೆಯನ್ನೂ ಇದೇ ಜಾತಿಗೆ ಸೇರಿಸಲಾಯಿತು. ಆಫ್ರಿಕದ ಕನ್ನೆಮೆಯೇರಿಯಾ ಕುಲದಲ್ಲೂ ಮೂತಿಯ ಏಣು ಇರುವುದರಿಂದ, ಮುಂದೆ ಭಾರತದ ಪ್ರಾಣಿಯನ್ನೇ ಆ ಕುಲದೊಳಗೆ ವಿಲೀನಗೊಳಿಸಿದವರೂ ಇದ್ದರು. 1989ರಲ್ಲಿ ಸಾಸ್ವತಿ ಬಂದ್ಯೋಪಾಧ್ಯಾಯ ಮೂಲ ಮಾದರಿಯನ್ನು ಮರುಪರಿಶೀಲಿಸಿ, ರೆಕ್ನಿಸಾರಸ್ ಸ್ವತಂತ್ರ ಕುಲವೆಂದೂ ಆಫ್ರಿಕದ ಮಾದರಿ ಅದರದಲ್ಲವೆಂದೂ ತೋರಿಸಿದರು. ತಲೆಬುರುಡೆಯನ್ನು ಇಡಿಯಾಗಿ ಓದಿದ ಈ ಕೆಲಸವನ್ನು ನಾನು ಬಹಳ ಗೌರವಿಸುತ್ತೇನೆ. ಕೋರೆಹಲ್ಲು, ಕೊಂಬಿನಂಥ ಕೊಕ್ಕು, ಹಿಂದೆ ಮುಂದೆ ಜಾರುವ ದವಡೆ ಡೈಸಿನೊಡಾಂಟ್‌ಗಳ ಸಾಮಾನ್ಯ ಸ್ವತ್ತು. ಏಣು, ಕೋರೆಯಂಥ ಅಂಗಗಳು ವಯಸ್ಸು, ಲಿಂಗಗಳಿಗೆ ತಕ್ಕಂತೆಯೂ ಬದಲಾಗಬಲ್ಲವು. ವಾಡಿಯಾಸಾರಸ್‌ನ ಕೋರೆಗಳಲ್ಲಿ ಕಂಡ ವ್ಯತ್ಯಾಸವನ್ನು ಗಂಡು ಹೆಣ್ಣಿನ ಭೇದವೆಂದೇ ಅರ್ಥೈಸಲಾಗಿದೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಕೆಳದವಡೆಯದು. ಮಾಲೇರಿ ಸ್ತರದಿಂದ ಶಂಕರ್ ಚಟರ್ಜಿ 1982ರಲ್ಲಿ ಹೆಸರಿಸಿದ ಎಕ್ಸೆರೆಟೊಡಾನ್ ಸ್ಟ್ಯಾಟಿಸ್ಟಿಕೇ ಒಂದು ಸೈನೊಡಾಂಟ್, ಸಸ್ತನಿಗಳು ಹೊಮ್ಮಿದ ಗುಂಪಿನದು. ಈ ಗುಂಪಿನಲ್ಲಿ ಹಲ್ಲು ಹೊತ್ತ ಮೂಳೆ ದೊಡ್ಡದಾಗಿ ದವಡೆಯ ಬಹುಭಾಗವನ್ನು ಆವರಿಸುತ್ತದೆ. ಹಿಂದಿನ ಮೂಳೆಗಳು ಕಿರಿದಾಗುತ್ತವೆ. ಆದರೂ ಎಕ್ಸೆರೆಟೊಡಾನ್‌ನಲ್ಲಿ ಕೀಲು ಇನ್ನೂ ಆ ಹಳೆಯ ಕಿರುಮೂಳೆಗಳಲ್ಲೇ ಇದೆ. ಸಸ್ತನಿಗಳಲ್ಲಿ ಅವೇ ಕಿವಿಯೊಳಗಿನ ಸುತ್ತಿಗೆ ಮತ್ತು ಅಡಿಗಲ್ಲುಗಳಾದವು. ಎಕ್ಸೆರೆಟೊಡಾನ್‌ನ ಅಗಲವಾದ ಅರೆಯುವ ಹಲ್ಲುಗಳು ಮಾತ್ರ ಸಸ್ಯಾಹಾರಿ ಉಪಕವಲೊಂದರ ವೈಶಿಷ್ಟ್ಯ. ಸಸ್ತನಿಗಳು ಬಂದದ್ದು ಬೇರೆ ಉಪಕವಲಿನಿಂದ. ಒಂದೇ ದವಡೆಯಲ್ಲಿ ಕೀಲು ಒಂದು ಮಟ್ಟದ ನಂಟನ್ನೂ ಹಲ್ಲು ಇನ್ನೊಂದು ಮಟ್ಟದ ನಂಟನ್ನೂ ತಿಳಿಸುತ್ತದೆ.

ಹಲ್ಲೊಂದನ್ನೇ ನಂಬುವುದರ ಅಪಾಯ ಈಚೆಗೆ ಇನ್ನಷ್ಟು ಸ್ಪಷ್ಟವಾಗಿದೆ. ಮಧ್ಯಪ್ರದೇಶದ ಟಿಕಿ ಸ್ತರದ ಒಂದು ಹಲ್ಲಿನ ಆಧಾರದ ಮೇಲೆ 2005ರಲ್ಲಿ ಟಿಕಿಥೀರಿಯಂ ಎಂಬ ಟ್ರಯಾಸಿಕ್ ಆದಿಸಸ್ತನಿಯನ್ನು ಹೆಸರಿಸಲಾಗಿತ್ತು. ಅದು ಬಹಳ ಈಚಿನ ನಿಯೋಜೀನ್ ಕಾಲದ ಸೊಂಡಿಲಿಯ ಹಲ್ಲೆಂದು 2024ರಲ್ಲಿ ಅವೆರಿಯಾನೊವ್ ಮತ್ತು ವೊಯ್ಟಾ ವಾದಿಸಿದ್ದಾರೆ. ಟಿಕಿಯ ಮಣ್ಣನ್ನು ತೊಳೆದು ಜರಡಿ ಹಿಡಿಯುವ ಕೆಲಸ ನಿಲ್ಲಬಾರದು. ಈಗ ಬೇಕಾಗಿರುವುದು ಕೀಲು ಉಳಿದುಕೊಂಡಿರುವ ಕೆಳದವಡೆ.