ಸವಾಲು ಇಲ್ಲದ ಹಾಡಕಿ

ನಮ್ಮ ಅಕ್ಕಲಕೋಟ ಸೀಮಿಯೊಳಗ ಹರದೇಶಿ-ನಾಗೇಶಿ ಹಾಡಕಿ ಕೇಳದ ಹಿರಿಯರು ಸಿಗೂದಿಲ್ಲ. ಒಂದು ಮೇಳದವರು ಗಂಡು ಹೆಚ್ಚು ಅಂತ ಹಾಡಿದರೆ ಎದುರಿನವರು ಹೆಣ್ಣು ಹೆಚ್ಚು ಅಂತ ಹಾಡಬೇಕು. ಹಾಡಿದ ಮಾತಿಗೆ ಆಧಾರ ಏನು ಅಂತ ಕೇಳಿದರೆ ಅದೇ ಕಟ್ಟೆ ಮೇಲೆ, ಬೆಳಗಾಗೂದರೊಳಗ ಜವಾಬು ಕೊಡಬೇಕು. ಏಳನೇ ಈಯತ್ತೆ ಓದಿದ ನನಗೆ ವಿಚಾರ ಮಾಡೂದು ಕಲಿಸಿದ್ದು ಈ ಸವಾಲು-ಜವಾಬೇ. ಇಂಟರ್‌ನೆಟ್ ಬಂದ ಮೇಲೆ ಮನುಷ್ಯನ ವಿಚಾರ ಮತ್ತು ಜನರ ಚಳವಳಿ ಹೆಂಗ ಬದಲಾದವು ಅನ್ನೂದನ್ನು ನಾನು ಇದೇ ಅಳತೆಯಿಂದ ನೋಡತೀನಿ.

ಮೊದಲು ಇಂಟರ್‌ನೆಟ್ ಇಲ್ಲದ ಕಾಲದ ಮಾತು. 1930ರ ಮೇ 5ರ ನಸುಕಿನಲ್ಲಿ ಗಾಂಧೀಜಿಯವರನ್ನು ದಾಂಡಿ ಹತ್ತಿರದ ಕರಾಡಿಯಲ್ಲಿ ಬ್ರಿಟಿಷರು ಹಿಡಿದರು. ಆ ಸುದ್ದಿ ನಮ್ಮ ಸೊಲ್ಲಾಪುರದ ಗಿರಣಿ ಕೆಲಸಗಾರರಿಗೆ ಮುಟ್ಟಲಿಕ್ಕೆ ತಂತಿ, ರೈಲು, ಬಾಯಿಮಾತು ಇಷ್ಟೇ ಸಾಕಾದವು. ಊರು ಬಂದ್ ಆಯಿತು. ಮಂದಿ ಸಿಂದಿ ಗಿಡ ಕಡಿಯಲಿಕ್ಕೆ ಹೊರಟರು. ಮೇ 8ಕ್ಕೆ ಗೋಳೀಬಾರ್ ಆಯಿತು, ಮೇ 12ಕ್ಕೆ ಮಾರ್ಷಲ್ ಲಾ ಬಂತು. ಪೊಲೀಸರ ಕೊಲೆಯ ಆರೋಪ ಹೊರಿಸಿ ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಸೊಲ್ಲಾಪುರದ ಚಾರ್ ಹುತಾತ್ಮಾ ಚೌಕಿನಲ್ಲಿ ಅವರ ಮೂರ್ತಿಗಳು ನಿಂತಾವ. ಒಬ್ಬೊಬ್ಬರದು ಒಂದೊಂದು ಜಾತಿ, ಧರ್ಮ, ಮನೆಮಾತು.

ಆವಾಗಿನ ಮಂದಿ ಎಲ್ಲಾ ಶಾಣ್ಯಾರು, ಈಗಿನವರು ದಡ್ಡರು ಅಂತ ನಾನು ಹೇಳೂದಿಲ್ಲ. ಗಾಳಿಸುದ್ದಿ ಆವಾಗಲೂ ಇದ್ದವು, ಸಿಟ್ಟೂ ಇತ್ತು. ಆದರೆ ಬಾಯಿಂದ ಬಂದ ಸುದ್ದಿಗೆ ಒಂದು ಮುಖ ಇರತಿತ್ತು. "ಯಾರು ಹೇಳಿದರಪ್ಪಾ? ನೀ ಕಣ್ಣಾರೆ ಕಂಡೀಯೇನು?" ಅಂತ ತಡೆದು ಕೇಳಬಹುದಿತ್ತು.

ಈಗ ನಮ್ಮ ಕಾಲಕ್ಕೆ ಬರೋಣ. 2018ರ ಜುಲೈ 1, ಆದಿತ್ಯವಾರ. ಧುಳೆ ಜಿಲ್ಲೆಯ ರೈನಪಾಡಾ ಅನ್ನೂ ಊರಲ್ಲಿ ಸಂತಿ ದಿವಸ. ಮಕ್ಕಳ ಕಳ್ಳರು ಬಂದಾರ ಅನ್ನೂ ಸುಳ್ಳು ಸುದ್ದಿ ವಾಟ್ಸಾಪಿನಲ್ಲಿ ಆಗಲೇ ಹರಿದಾಡಿತ್ತು. ಭಿಕ್ಷೆ ಬೇಡಲಿಕ್ಕೆ ಹೋಗಿದ್ದ ಐವರನ್ನು ಮಂದಿ ಹಿಡಿದು ಪಂಚಾಯತಿ ಕಚೇರಿಯೊಳಗ ಹಾಕಿ ಬಡಿದು ಕೊಂದರು. ಅವರು ನಾಥಪಂಥೀ ಡವರಿ ಗೋಸಾವಿಗಳು, ಹೆಚ್ಚಿನವರು ನಮ್ಮದೇ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನವರು. ಊರೂರು ತಿರುಗೂದೇ ಅವರ ತಲೆತಲಾಂತರದ ಬದುಕು. ಎರಡು ವಾರದೊಳಗ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ತರುಣನ ಜೀವ ಹೋಯಿತು. ಅಲ್ಲಿ ಕಾರಿಗಿಂತ ಮೊದಲು ವಾಟ್ಸಾಪ್ ಸುದ್ದಿ ಮುಂದಿನ ಊರು ಮುಟ್ಟಿತ್ತು, ದಾರಿಗೆ ಅಡ್ಡ ಕಟ್ಟಿ ನಿಂತಿದ್ದರು. ಅದೇ ತಿಂಗಳು ವಾಟ್ಸಾಪ್ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದು ಅನ್ನೂ ಮಿತಿ ಸಾರಿತು.

ಡಪ್ಪು, ತುಂತುಣಿ ಹಿಡಿದು ಪರವೂರಿಗೆ ಹೋಗೂ ನಮ್ಮಂಥವರಿಗೆ ಇದು ಓದಿ ಮರೆಯೂ ಸುದ್ದಿ ಅಲ್ಲ. ಹೊಸ ಮುಖ ಕಂಡರೆ "ಯಾವೂರಪ್ಪಾ, ನೀರು ಕುಡೀತೀಯೇನು?" ಅಂತ ಕೇಳೂದು ನಮ್ಮ ಸೀಮಿಯ ರೀತಿ. ಆ ಒಂದು ಪ್ರಶ್ನೆ ಕೇಳಿ, ಜವಾಬು ಬರೂತನಕ ತಾಳಿದ್ದರೆ ಐದು ಮನೆಗಳ ದೀಪ ಉಳೀತಿದ್ದವು.

ಅದೇ ಫೋನು ಒಳ್ಳೇದಕ್ಕೂ ಮಂದಿ ಕೂಡಿಸೇತಿ. ಮೂರು ಕೃಷಿ ಕಾಯಿದೆಗಳ ವಿರುದ್ಧ ರೈತರು 2020ರ ನವೆಂಬರದಿಂದ ದಿಲ್ಲಿ ಗಡಿಗಳಲ್ಲಿ ಕೂತಿದ್ದರು. 2021ರ ಜನವರಿ 28ರ ರಾತ್ರಿ ಗಾಜೀಪುರ ಗಡಿಯಲ್ಲಿ ಇನ್ನೇನು ಎಬ್ಬಿಸಿಯೇ ಬಿಡತಾರ ಅನ್ನೂ ಹೊತ್ತಿಗೆ ರೈತ ಮುಖಂಡ ರಾಕೇಶ ಟಿಕೈತರು ಕಣ್ಣೀರು ಹಾಕಿ ಮಾತಾಡಿದ ವಿಡಿಯೋ ಹಳ್ಳಿಹಳ್ಳಿಗೆ ಮುಟ್ಟಿತು. ಮನೆಗೆ ಹೋಗಿದ್ದವರು ರಾತ್ರೋರಾತ್ರಿ ತಿರುಗಿ ಬಂದರು. ಆಮೇಲೆ ಸರಕಾರ ಆ ಗಡಿಗಳಲ್ಲಿ ಇಂಟರ್‌ನೆಟ್ಟೇ ಬಂದ್ ಮಾಡಿತು. ಆದರೂ ಚಳವಳಿ ನಿಲ್ಲಲಿಲ್ಲ. ಯಾಕಂದರೆ ವಿಡಿಯೋ ಮಂದಿಯನ್ನು ಕರೆದು ತಂದಿತ್ತು ಅಷ್ಟೇ. ಕೂಡಿಸಿ ಇಟ್ಟದ್ದು ಲಂಗರಿನ ರೊಟ್ಟಿ, ಊರವರು ಹಚ್ಚಿಕೊಂಡ ಪಾಳಿ, ದಿನಾ ಎದುರಾಬದುರು ಕೂತು ಆಡಿದ ಮಾತು. ಫೋನಿನ ಕಾಲದಲ್ಲೂ ಅವರು 'ಟ್ರಾಲಿ ಟೈಮ್ಸ್' ಅಂತ ಒಂದು ಪತ್ರಿಕೆ ಅಚ್ಚು ಹಾಕಿ ಕೈಗೆ ಕೈ ಹಂಚಿದರು. 2021ರ ನವೆಂಬರ್ 19ಕ್ಕೆ ಕಾಯಿದೆ ಹಿಂದಕ್ಕೆ ತಗೊಳ್ಳೂ ಮಾತನ್ನು ಪ್ರಧಾನಿಯವರು ಹೇಳಿದರು.

ಈ ಮೂರು ಕಥಿ ಒಂದರ ಪಕ್ಕ ಒಂದು ಇಟ್ಟು ನೋಡಿದರೆ ನನಗೆ ಕಾಣೂದು ಇಷ್ಟು. ಇಂಟರ್‌ನೆಟ್ ಸುದ್ದಿಯ ಕಾಲಿಗೆ ಗಾಲಿ ಕಟ್ಟಿತು, ಆದರೆ ವಿಚಾರ ಇನ್ನೂ ನಡಕೊಂಡೇ ಬರತೇತಿ. ಸುದ್ದಿ ಮುಟ್ಟೂದಕ್ಕೂ ಕೈ ಎತ್ತೂದಕ್ಕೂ ನಡುವೆ ಮೊದಲು ಒಂದು ಹೊತ್ತು ಇರತಿತ್ತು. ಹಿರಿಯರನ್ನು ಕೇಳೂ ಹೊತ್ತು, ಸವಾಲು ಹಾಕೂ ಹೊತ್ತು. ಅದು ಸಣ್ಣದಾಗೇತಿ. ಫೋನಿನಲ್ಲಿ ಬರೂದು ಎದುರು ಮೇಳವೇ ಇಲ್ಲದ ಹಾಡಕಿ. ಸವಾಲು ಹಾಕವರಿಲ್ಲ ಅಂದರ ಹಾಡಿದ್ದೇ ಖರೆ ಆಗತೇತಿ.

ಫೋನು ಬ್ಯಾಡ ಅನ್ನೂ ಮಾತು ನನ್ನದಲ್ಲ. ತೊಗರಿ ಧಾರಣಿ ನಾನೂ ಅದರಾಗೇ ನೋಡತೀನಿ. ಸಾಲಿ ಗುರುಗಳಿಗೆ ಮಾತ್ರ ಒಂದು ವಿನಂತಿ: ಮಕ್ಕಳಿಗೆ ಫೋನು ಒತ್ತೂದು ಕಲಿಸೂದು ಬೇಕಾಗಿಲ್ಲ, ಅದು ಅವರಿಗೆ ಬರತೇತಿ. ಯಾರು ಹೇಳಿದರು, ಯಾವೂರಾಗ ಆತು, ಯಾವಾಗ ಆತು ಅನ್ನೂ ಮೂರು ಸವಾಲು ಕಲಿಸಿರಿ. ಈ ಮೂರಕ್ಕೆ ಜವಾಬು ಸಿಗೂತನಕ ಯಾವ ಸುದ್ದಿಯನ್ನೂ ಮುಂದಕ್ಕೆ ಕಳಿಸಬಾರದು ಅಂತ ನಮ್ಮ ವಾಚನಾಲಯದ ಗ್ವಾಡಿಗೂ ಬರೆದು ಹಚ್ಚೋಣ.